ಜೀವಕೋಶದ ಹೊರಗೆ ಪ್ರೋಟೀನಿನ ನಿರ್ಮಾಣ

ಒಂದು ಜೀವಕೋಶವನ್ನು ಅರೆದು ನುಣ್ಣಗೆ ಮಾಡಿದರೆ ಅದು ಸಾಯುವುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರೊಳಗೆ ನಡೆಯುತ್ತಿದ್ದ ಕೆಲಸಗಳೆಲ್ಲವೂ ಅದರೊಡನೆಯೇ ನಿಂತುಹೋಗುವುವೆ? ನೇಕಾರನ ಮನೆಯ ಗೋಡೆಗಳನ್ನು ಕೆಡವಿದ ಮೇಲೂ, ನೂಲನ್ನು ಒದಗಿಸಿದರೆ, ಮಗ್ಗವು ನೇಯಬಲ್ಲುದೆ ಎಂದು ಕೇಳಿದಂತಿದೆ ಈ ಪ್ರಶ್ನೆ.

ಹುದುಗುವಿಕೆಗೆ ಜೀವಂತವಾದ ಯೀಸ್ಟು ಕೋಶವೇ ಬೇಕೆಂದು ಪಾಶ್ಚರರಂತಹ ಮಹಾವಿಜ್ಞಾನಿಗಳೂ ನಂಬಿದ್ದರು. 1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಖ್ನರರು ಯೀಸ್ಟನ್ನು ಮರಳಿನೊಡನೆ ಅರೆದು, ಹಿಂಡಿ, ರಸವನ್ನು ತೆಗೆದರು. ಅದು ಕೆಡದಿರಲೆಂದು ಸಕ್ಕರೆಯನ್ನು ಬೆರೆಸಿದಾಗ ರಸದಿಂದ ಗುಳ್ಳೆಗಳೇಳತೊಡಗಿದುವು. ಕೋಶವಿಲ್ಲದೆಯೇ ಹುದುಗುವಿಕೆ ನಡೆದಿತ್ತು! 1907ರ ನೊಬೆಲ್ ಪಾರಿತೋಷಕವು ಅವರಿಗೆ ಸಂದಿತು.

ಆದರೆ ಸಕ್ಕರೆಯನ್ನು ಒಡೆಯುವುದು ಒಂದು ಮಾತು, ಪ್ರೋಟೀನನ್ನು ಕಟ್ಟುವುದು ಇನ್ನೊಂದು ಮಾತು. ಪ್ರೋಟೀನೆಂಬುದು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಗೊತ್ತಾದ ಕ್ರಮದಲ್ಲಿ ಪೋಣಿಸಿದ ಸರ. ಪೋಣಿಸುವ ಕಣಗಳೇ ರೈಬೋಸೋಮುಗಳು. ಕ್ರಮವನ್ನು ತಿಳಿಸುವುದು ದೂತ ಆರ್.ಎನ್.ಎ.; ಅಮೈನೋ ಆಮ್ಲಗಳನ್ನು ಹೊತ್ತು ತರುವುದು ಬೇರೊಂದು ಬಗೆಯ ಆರ್.ಎನ್.ಎ. ಇವೆಲ್ಲಕ್ಕೂ ಶಕ್ತಿಯನ್ನು ಒದಗಿಸಲು ಎ.ಟಿ.ಪಿ. ಮತ್ತು ಜಿ.ಟಿ.ಪಿ. ಎಂಬ ವಸ್ತುಗಳು ಬೇಕು. ಇಂತಹ ಸಂಸಾರವೆಲ್ಲ ಪ್ರನಾಳದಲ್ಲಿ ಕೂಡಿ ಬಾಳೀತೆ? 1950ರ ದಶಕದಲ್ಲಿ ಬಾಸ್ಟನ್ನಿನ ಪಾಲ್ ಜಮೆಕ್ನಿಕ್ ಮತ್ತು ಅವರ ಸಂಗಡಿಗರು ಇಲಿಯ ಯಕೃತ್ತಿನ ರಸದಲ್ಲಿ ಇದು ಸಾಧ್ಯವೆಂದು ತೋರಿಸಿದರು. ಅನಂತರ ಸಂಶೋಧಕರ ದೃಷ್ಟಿ ಎ. ಕೋಲೈ ಎಂಬ ಏಕಕೋಶಜೀವಿಯ ಕಡೆಗೆ ಹೊರಳಿತು. ನಮ್ಮ ಕರುಳಿನಲ್ಲಿಯೂ ವಾಸಿಸುವ ಈ ಬ್ಯಾಕ್ಟೀರಿಯ ಒಳ್ಳೆಯ ಆಹಾರ ದೊರೆತರೆ ಸುಮಾರು 20 ನಿಮಿಷಗಳಿಗೊಮ್ಮೆ ಇಮ್ಮಡಿಯಾಗುತ್ತದೆ, ಬೇಕಾದಷ್ಟನ್ನು ಬೆಳೆಸಿಕೊಳ್ಳಬಹುದು.

ರಸವನ್ನು ತೆಗೆಯುವ ಬಗೆ ಹೀಗೆ. ಬ್ಯಾಕ್ಟೀರಿಯಗಳನ್ನು ಕೂಡಿಸಿ, ಮಂಜುಗಡ್ಡೆಯ ತಂಪಿನಲ್ಲಿ ಅಲ್ಯೂಮಿನದ ಪುಡಿಯೊಡನೆ ಅರೆಯುತ್ತಾರೆ. ಬಳಿಕ ಗುರುತ್ವಕ್ಕಿಂತ 30,000 ಮಡಿ ಬಲವುಂಟಾಗುವಂತೆ ಅದನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ ಕೋಶಗಳ ಚೂರುಗಳು ತಳಕ್ಕಿಳಿದು, ರೈಬೋಸೋಮುಗಳೂ ಕಿಣ್ವಗಳೂ ಮೇಲಿನ ತಿಳಿಯಲ್ಲಿ ಉಳಿಯುತ್ತವೆ. ಕಟ್ಟುವ ಕಿಣ್ವಗಳೊಡನೆ ಕೆಡವುವ ಕಿಣ್ವಗಳೂ ಅದರಲ್ಲಿರುವುದರಿಂದಲೇ ತಂಪನ್ನು ಬಿಡುವಂತಿಲ್ಲ.

ಅಮೆರಿಕದ ಬೆಥೆಸ್ಡಾದಲ್ಲಿ ಮಾರ್ಷಲ್ ನೀರೆನ್‌ಬರ್ಗ್ ಮತ್ತು ಹೈನ್ರಿಷ್ ಮಥಾಯ್ ಇವರು ಈ ರಸದಿಂದ ಒಂದು ದೊಡ್ಡ ಪ್ರಶ್ನೆಗೆ ಉತ್ತರವನ್ನು ಪಡೆಯಹೊರಟರು. ಆರ್.ಎನ್.ಎ.ಯ ನಾಲ್ಕು ಅಕ್ಷರಗಳ ಬರವಣಿಗೆಯನ್ನು ಕೋಶವು ಹೇಗೆ ಓದುತ್ತದೆ? ಮೊದಲ ತೊಡಕೇನೆಂದರೆ, ರಸವು ಸುಮ್ಮನಿರದು. ತನ್ನಲ್ಲುಳಿದ ಹಳೆಯ ಆಜ್ಞೆಗಳಂತೆ ಪ್ರೋಟೀನನ್ನು ಕಟ್ಟುತ್ತಲೇ ಇರುತ್ತದೆ. ಆದುದರಿಂದ ಅವರು ಡಿ.ಎನ್.ಎ.ಯನ್ನು ನಾಶಮಾಡುವ ಕಿಣ್ವವನ್ನು ಬೆರೆಸಿದರು. ಹೊಸ ದೂತರು ಹುಟ್ಟಲಿಲ್ಲ. ಹಳೆಯ ದೂತರು ಬೇಗನೆ ನಶಿಸಿದರು. ಈಗ ಹೊರಗಿನಿಂದ ಯಾವ ಆರ್.ಎನ್.ಎ.ಯನ್ನು ಹಾಕಿದರೂ ಅದರ ಫಲವು ಸ್ಪಷ್ಟವಾಗಿ ಕಾಣುವಂತಾಯಿತು. ನಮ್ಮ ಅಭಿಪ್ರಾಯದಲ್ಲಿ ಇಡೀ ಪ್ರಯೋಗದ ಜಾಣ್ಮೆ ಈ ಮೌನವನ್ನು ಸಾಧಿಸಿದುದರಲ್ಲಿಯೇ ಇದೆ.

ಅವರು ಹಾಕಿದ್ದು ಯು ಎಂಬ ಒಂದೇ ಅಕ್ಷರವು ಸಾಲಾಗಿ ಕೂಡಿದ ಕೃತಕ ಆರ್.ಎನ್.ಎ. ಅಮೈನೋ ಆಮ್ಲಗಳನ್ನು ವಿಕಿರಣಪಟು ಇಂಗಾಲದಿಂದ ಗುರುತುಮಾಡಿ, ಮೊದಲು ಗುಂಪುಗುಂಪಾಗಿ, ಬಳಿಕ ಒಂದೊಂದಾಗಿ ಮಥಾಯ್ ಪರೀಕ್ಷಿಸಿದರು. 1961ರ ಮೇ 27ರ ಬೆಳಗಿನ ಜಾವದಲ್ಲಿ ಉತ್ತರ ದೊರಕಿತು: ಫೀನೈಲ್‌ಅಲನೀನ್, ಅದೊಂದೇ. ನೀರೆನ್‌ಬರ್ಗ್ ಆಗ ಕ್ಯಾಲಿಫೋರ್ನಿಯದಲ್ಲಿದ್ದರು! ಹುಟ್ಟಿದ ಸರವಾದರೋ ಸಾಮಾನ್ಯ ದ್ರಾವಕಗಳಾವುದರಲ್ಲಿಯೂ ಕರಗದು. ಅದನ್ನು ಕರಗಿಸುವ ದ್ರಾವಕವನ್ನು ಆ ಸಂಸ್ಥೆಗೆ ಬಂದಿದ್ದ ಇಸ್ರೇಲಿನ ವಿಜ್ಞಾನಿ ಮೈಕೆಲ್ ಸೇಲಾ ತಿಳಿಸಿಕೊಟ್ಟರು.

ಇಲ್ಲಿ ವಿದ್ಯಾರ್ಥಿಗಳು ಎರಡು ಸಂಗತಿಗಳನ್ನು ಗಮನಿಸಬೇಕು. ಮೂರು ಅಕ್ಷರಗಳು ಕೂಡಿ ಒಂದು ಅಮೈನೋ ಆಮ್ಲವನ್ನು ಸೂಚಿಸುವುವೆಂಬುದನ್ನು ಈ ಪ್ರಯೋಗವೊಂದೇ ಸಿದ್ಧಪಡಿಸಲಿಲ್ಲ. ಯು ಎಂಬುದೇ ಉದ್ದಕ್ಕೂ ಇರುವಾಗ ಎರಡೋ ಮೂರೋ ಎಂದು ಎಣಿಸುವುದೆಂತು? ಮೂರೆಂಬುದಕ್ಕೆ ಬಲವಾದ ಆಧಾರ ಅದೇ ವರ್ಷದ ಕೊನೆಯಲ್ಲಿ ಕ್ರಿಕ್, ಬ್ರೆನ್ನರ್ ಮೊದಲಾದವರಿಂದ ಬಂದಿತು. ಇನ್ನೊಂದು, ಸಹಜವಾದ ದೂತ ಆರ್.ಎನ್.ಎ.ಯಲ್ಲಿ 'ಇಲ್ಲಿಂದ ಓದು' ಎಂಬ ಸಂಕೇತವಿರುತ್ತದೆ. ಈ ಕೃತಕ ಆರ್.ಎನ್.ಎ.ಯಲ್ಲಿ ಅದಿರಲಿಲ್ಲ. ರಸದಲ್ಲಿ ಮೆಗ್ನೀಸಿಯಮ್ ಹೆಚ್ಚಾಗಿದ್ದುದರಿಂದ ರೈಬೋಸೋಮುಗಳು ಆ ಸಂಕೇತವಿಲ್ಲದೆಯೂ ಓದತೊಡಗಿದುವೆಂದು ಆಮೇಲೆ ತಿಳಿಯಿತು. ಅದೃಷ್ಟಕ್ಕೂ ಇಲ್ಲಿ ಪಾಲುಂಟು. ಉಳಿದ ಸಂಕೇತಗಳು 1966ರ ವೇಳೆಗೆ ಬಿಡಿಸಲ್ಪಟ್ಟುವು. 1968ರಲ್ಲಿ ನೀರೆನ್‌ಬರ್ಗ್, ಭಾರತದಲ್ಲಿ ಹುಟ್ಟಿದ ಹರ್ ಗೋವಿಂದ್ ಖೊರಾನಾ ಮತ್ತು ರಾಬರ್ಟ್ ಹಾಲಿ ಇವರಿಗೆ ನೊಬೆಲ್ ಪಾರಿತೋಷಕವು ದೊರಕಿತು.

ಇಂದು ಈ ರಸವು ಸಂಶೋಧನೆಯ ಸಾಧನವಷ್ಟೇ ಅಲ್ಲ. ಕೋಶವನ್ನೇ ಕೊಲ್ಲುವಂತಹ ವಿಷಪ್ರೋಟೀನನ್ನು ಜೀವಂತ ಕೋಶದಿಂದ ಮಾಡಿಸುವುದು ಕಷ್ಟ. ಕೊಲ್ಲಲು ಕೋಶವೇ ಇಲ್ಲದ ರಸದಲ್ಲಿ ಆ ಭಯವಿಲ್ಲ. ಯೀಸ್ಟಿನಿಂದಲೂ ಗೋಧಿಯ ಮೊಳಕೆಯ ಭಾಗದಿಂದಲೂ ಇಂತಹ ರಸವನ್ನು ತೆಗೆಯುತ್ತಾರೆ. ಅದರ ದೊಡ್ಡ ಕುಂದು ಅಲ್ಪಾಯುಷ್ಯ: ಶಕ್ತಿ ಮುಗಿದು, ಕಸ ತುಂಬಿ, ಕೆಲವು ಗಂಟೆಗಳಲ್ಲಿಯೇ ಕೆಲಸ ನಿಲ್ಲುತ್ತದೆ. 1988ರಲ್ಲಿ ರಷ್ಯದ ಅಲೆಕ್ಸಾಂಡರ್ ಸ್ಪಿರಿನ್ ಮತ್ತು ಅವರ ಸಂಗಡಿಗರು ಒಂದು ಕಡೆಯಿಂದ ಹೊಸ ಸಾಮಗ್ರಿಯನ್ನು ಹರಿಯಿಸಿ, ಇನ್ನೊಂದು ಕಡೆಯಿಂದ ಕಸವನ್ನು ಹೊರಹಾಕಿ, ಅದನ್ನು ಇಪ್ಪತ್ತಕ್ಕೂ ಹೆಚ್ಚು ಗಂಟೆಗಳ ಕಾಲ ದುಡಿಸಿದರು. 2014ರಲ್ಲಿ ಅಮೆರಿಕದ ಸಂಶೋಧಕರು ರಸವನ್ನು ಕಾಗದದ ಮೇಲೆ ಹಾಕಿ, ಹೆಪ್ಪುಗಟ್ಟಿಸಿ, ಒಣಗಿಸಿದರು. ಆ ಕಾಗದಕ್ಕೆ ನೀರು ಸೋಂಕಿದೊಡನೆ ರೈಬೋಸೋಮುಗಳು ಮತ್ತೆ ಕೆಲಸಕ್ಕೆ ತೊಡಗಿದುವು.