ಸರೋವರದ ಹೂಳಿನಲ್ಲಿ ಬರಗಾಲದ ಗುರುತು

ಸುಣ್ಣದ ತಿಳಿನೀರಿನೊಳಕ್ಕೆ ಕೊಳವೆಯ ಮೂಲಕ ಉಸಿರನ್ನು ಊದಿದರೆ ಅದು ಹಾಲಿನಂತೆ ಬೆಳ್ಳಗಾಗುವುದೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಸಾಮಾನ್ಯವಾಗಿ ಪ್ರಯೋಗವು ಅಲ್ಲಿಗೇ ಮುಗಿಯುತ್ತದೆ. ಆದರೆ ಅದರ ಸ್ವಾರಸ್ಯವಿರುವುದು ಮುಂದಿನ ಎರಡು ಹೆಜ್ಜೆಗಳಲ್ಲಿ. ಊದುವುದನ್ನು ನಿಲ್ಲಿಸದೆ ಸಾಕಷ್ಟು ಹೊತ್ತು ಮುಂದುವರಿಸಿದರೆ ಬೆಳ್ಳಗಾದ ನೀರು ಮೆಲ್ಲನೆ ಮತ್ತೆ ತಿಳಿಯಾಗುತ್ತದೆ. ಆ ತಿಳಿನೀರನ್ನು ಕಾಯಿಸಿದರೆ ಬಿಳುಪು ಮರಳಿ ಬರುತ್ತದೆ. ಸರೋವರಗಳ ತಳದಲ್ಲಿ ಕಾರ್ಬೊನೇಟ್ ಖನಿಜಗಳು ಹುಟ್ಟುವ ಬಗೆಯನ್ನು ಅರಿಯಲು ಈ ಮೂರು ಹೆಜ್ಜೆಗಳೇ ಕೀಲಿಕೈ.

ಇದರ ಮರ್ಮವೇನು? ಉಸಿರಿನಲ್ಲಿರುವ ಇಂಗಾಲದ ಡೈ ಆಕ್ಸೈಡ್ ಸುಣ್ಣದೊಡನೆ ಕೂಡಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಇದು ನೀರಿನಲ್ಲಿ ಕರಗುವುದು ಅತ್ಯಲ್ಪವಾದುದರಿಂದ ಬಿಳಿಯ ಪುಡಿಯಾಗಿ ತೇಲುತ್ತದೆ. ಅನಿಲವು ಹೆಚ್ಚಿದಂತೆ ಅದೇ ವಸ್ತು ಕ್ಯಾಲ್ಸಿಯಂ ಬೈಕಾರ್ಬೊನೇಟ್ ಆಗಿ ಕರಗಿಹೋಗುತ್ತದೆ. ಕಾಯಿಸಿದಾಗ ಅನಿಲವು ಹೊರಬಿದ್ದು ಕಾರ್ಬೊನೇಟ್ ಉಳಿಯುತ್ತದೆ. ಸಂಗ್ರಹವಾಗಿ ಹೇಳುವುದಾದರೆ:

ಕ್ಯಾಲ್ಸಿಯಂ ಬೈಕಾರ್ಬೊನೇಟ್ ⇌ ಕ್ಯಾಲ್ಸಿಯಂ ಕಾರ್ಬೊನೇಟ್ + ನೀರು + ಇಂಗಾಲದ ಡೈ ಆಕ್ಸೈಡ್

ಈ ಕ್ರಿಯೆ ಎರಡು ದಿಕ್ಕಿಗೂ ನಡೆಯುವಂಥದು. ಅನಿಲವನ್ನು ಸೇರಿಸಿದರೆ ಕಲ್ಲು ಕರಗುತ್ತದೆ. ಅನಿಲವನ್ನು ತೆಗೆದರೆ ಕಲ್ಲು ಹುಟ್ಟುತ್ತದೆ. ಗಡಸು ನೀರನ್ನು ಕಾಯಿಸುವ ಹಂಡೆಯ ಒಳಮೈಗೆ ಬಿಳಿಯ ಪದರ ಕಟ್ಟುವುದೂ ಇದರಿಂದಲೇ.

ಸರೋವರವನ್ನು ಕಾಯಿಸುವವರಾರು?

ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು, ಬಂಡೆಗಳಲ್ಲಿರುವ ಕ್ಯಾಲ್ಸಿಯಮ್ಮನ್ನು ಕರಗಿಸಿ ಸರೋವರಕ್ಕೆ ತಂದು ಸೇರಿಸುತ್ತದೆ. ಅಲ್ಲಿಂದ ಆ ಅನಿಲವನ್ನು ಹೊರತೆಗೆಯುವ ಕೆಲಸವನ್ನು ಬಿಸಿಲೂ ಪಾಚಿಯೂ ಮಾಡುತ್ತವೆ. ಬಿಸಿಯಾದ ನೀರು ಹೆಚ್ಚು ಅನಿಲವನ್ನು ಹಿಡಿದಿಟ್ಟುಕೊಳ್ಳಲಾರದು. ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಗಳಾದರೋ ಸೂರ್ಯನ ಬೆಳಕಿನಲ್ಲಿ ತಮ್ಮ ಆಹಾರವನ್ನು ತಯಾರಿಸಲು ಇಂಗಾಲದ ಡೈ ಆಕ್ಸೈಡನ್ನೇ ಬಳಸಿಕೊಳ್ಳುತ್ತವೆ. ಆಗ ಕ್ಯಾಲ್ಸೈಟ್ ಎಂಬ ಖನಿಜದ ಅತಿ ಸಣ್ಣ ಹರಳುಗಳು ಮೂಡಿ ತಳಕ್ಕಿಳಿಯುತ್ತವೆ.

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಸರೋವರದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಅಲ್ಲಿ 19ನೆಯ ಶತಮಾನದ ಕೊನೆಯಿಂದೀಚೆಗೆ ಸಂಗ್ರಹವಾದ ಹೂಳು ಪಟ್ಟೆಪಟ್ಟೆಯಾಗಿದೆ. ವಸಂತ ಮತ್ತು ಬೇಸಗೆಯಲ್ಲಿ ಕ್ಯಾಲ್ಸೈಟಿನ ಬೆಳ್ಳನೆಯ ಪದರ. ಅದರ ಬಳಿಕ ಚಳಿಗಾಲದವರೆಗೆ ಸತ್ತ ಪಾಚಿ ಮೊದಲಾದುವುಗಳ ಕಪ್ಪು ಪದರ. ಮರದ ಕಾಂಡದಲ್ಲಿ ಉಂಗುರಗಳನ್ನು ಎಣಿಸುವಂತೆ ಇಲ್ಲಿ ಜೋಡಿ ಪದರಗಳನ್ನು ಎಣಿಸಿ ವರ್ಷಗಳನ್ನು ಲೆಕ್ಕಹಾಕಬಹುದು.

ಹೊರದಾರಿಯಿಲ್ಲದ ನೀರು

ಜ್ಯೂರಿಕ್ ಸರೋವರದಿಂದ ನದಿಯೊಂದು ಹೊರಹರಿಯುತ್ತದೆ. ಹೊರಕ್ಕೆ ಹರಿಯುವ ದಾರಿಯೇ ಇಲ್ಲದಿದ್ದರೆ ಏನಾದೀತು? ಇದಕ್ಕೆ ಉತ್ತರ ನಮ್ಮ ನೆರೆಯ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯಲ್ಲಿರುವ ಲೋಣಾರ್ ಸರೋವರದಲ್ಲಿದೆ. ಉತ್ತರ ಕರ್ನಾಟಕದಲ್ಲಿಯೂ ಹರಡಿರುವ ದಖನ್ನಿನ ಕರಿಯ ಬಸಾಲ್ಟ್ ಶಿಲೆಯ ಮೇಲೆ ಉಲ್ಕೆಯೊಂದು ಅಪ್ಪಳಿಸಿದುದರಿಂದ ಉಂಟಾದ, ಸುಮಾರು 1.8 ಕಿಲೋಮೀಟರ್ ಅಗಲದ ಕುಳಿ ಇದು. ಒಳಬಂದ ನೀರಿಗೆ ಆವಿಯಾಗುವುದೊಂದೇ ಮುಖ್ಯ ಹೊರದಾರಿ.

ಬಸಾಲ್ಟಿನಿಂದ ಕರಗಿ ಬರುವುದು ಕ್ಯಾಲ್ಸಿಯಂ ಮಾತ್ರವಲ್ಲ, ಸೋಡಿಯಮ್ಮೂ ಹೌದು. ನೀರು ಬತ್ತುತ್ತ ದ್ರಾವಣವು ಗಾಢವಾದಂತೆ ಮೊದಲು ಹೊರಬೀಳುವುವು ಸುಲಭವಾಗಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳು. ಕ್ಯಾಲ್ಸಿಯಂ ಮುಗಿಯುತ್ತ ಬಂದರೂ ಕಾರ್ಬೊನೇಟ್ ಮಿಗುತ್ತದೆ. ಅದಕ್ಕೆ ಜೊತೆಯಾಗಿ ಉಳಿಯುವುದು ಸೋಡಿಯಂ. ಲೋಣಾರಿನ ನೀರು ತೀವ್ರ ಕ್ಷಾರವಾಗಿರುವುದರ ರಹಸ್ಯ ಇದೇ. ಇನ್ನೂ ಬತ್ತಿದರೆ ಸೋಡಿಯಂ ಮತ್ತು ಕ್ಯಾಲ್ಸಿಯಂ ಎರಡನ್ನೂ ಒಳಗೊಂಡ ಗೇಲುಸೈಟ್ ಎಂಬ ಖನಿಜವು ಹರಳುಗಟ್ಟುತ್ತದೆ. ಅನಿಲಗಳ ನಿಯಮದಿಂದ ನಿಮಗೆ ಪರಿಚಿತನಾದ ಫ್ರೆಂಚ್ ವಿಜ್ಞಾನಿ ಗೇ-ಲುಸಾಕನ ಹೆಸರೇ ಇದಕ್ಕೆ. ಲೋಣಾರಿನ ಹೂಳಿನಲ್ಲಿ ಗೇಲುಸೈಟ್ ಕಂಡಿತೆಂದರೆ ಆ ಕಾಲದಲ್ಲಿ ಸರೋವರವು ಬಹಳ ಬತ್ತಿತ್ತೆಂದೇ ಅರ್ಥ.

ಹೂಳು ಹೇಳುವ ಸಾಕ್ಷ್ಯ

ವಿಜ್ಞಾನಿಗಳು 2008ರಲ್ಲಿ ಸರೋವರದ ತಳಕ್ಕೆ ಕೊಳವೆಯನ್ನಿಳಿಸಿ ಸುಮಾರು 10 ಮೀಟರ್ ಉದ್ದದ ಹೂಳಿನ ಕಂಬವನ್ನು ಮೇಲೆತ್ತಿದರು. ಇಂಗಾಲ-14ರ ಅಳತೆಯಿಂದ ಅದರಲ್ಲಿ ಸುಮಾರು 11,000 ವರ್ಷಗಳ ಚರಿತ್ರೆ ಅಡಗಿದೆಯೆಂದು ತಿಳಿಯಿತು. ಗೇಲುಸೈಟ್ ಹರಳುಗಳು ಮುಖ್ಯವಾಗಿ ಎರಡು ಅವಧಿಗಳ ಪದರಗಳಲ್ಲಿ ದೊರೆತುವು: ಸುಮಾರು 4,600ರಿಂದ 3,900 ವರ್ಷಗಳ ಹಿಂದೆ ಒಮ್ಮೆ, 2,000ದಿಂದ 600 ವರ್ಷಗಳ ಹಿಂದೆ ಮತ್ತೊಮ್ಮೆ. ಮೊದಲನೆಯ ಅವಧಿಯ ಕೊನೆಯ ಸುಮಾರಿಗೆ ಹರಪ್ಪ ನಾಗರಿಕತೆಯ ನಗರಗಳು ಕ್ಷೀಣಿಸಿದುವು. ಮಳೆಯ ಕೊರತೆಯೊಂದೇ ಇದಕ್ಕೆ ಕಾರಣವೆಂದು ನಿರ್ಧರಿಸಲು ಇಷ್ಟು ಸಾಲದು. ಕಾಲವೆರಡೂ ಹತ್ತಿರವಾಗಿರುವುದು ಮಾತ್ರ ಗಮನಾರ್ಹ.

ಹರಳುಗಳ ಇರವಷ್ಟೇ ಅಲ್ಲ, ಅವುಗಳ ಒಳರಚನೆಯೂ ಸಾಕ್ಷಿ ನುಡಿಯುತ್ತದೆ. ಆಮ್ಲಜನಕದ ಪರಮಾಣುಗಳಲ್ಲಿ ಹಗುರವಾದ 16ರ ಜೊತೆಗೆ ಭಾರವಾದ 18 ಕೂಡ ಸ್ವಲ್ಪ ಪ್ರಮಾಣದಲ್ಲಿದೆ. ನೀರು ಆವಿಯಾಗುವಾಗ ಹಗುರವಾದ ಅಣುಗಳು ಬೇಗ ಹಾರಿಹೋಗಿ, ಭಾರವಾದವು ಹೆಚ್ಚಾಗಿ ಉಳಿಯುತ್ತವೆ. ಆ ನೀರಿನಲ್ಲಿ ಹುಟ್ಟುವ ಕಾರ್ಬೊನೇಟ್ ಈ ಪ್ರಮಾಣವನ್ನು ತನ್ನಲ್ಲಿ ದಾಖಲೆಯಾಗಿ ಉಳಿಸಿಕೊಳ್ಳುತ್ತದೆ.

ಇದರಿಂದ ನಮಗೇನು ಪ್ರಯೋಜನವೆಂದು ಕೇಳಬಹುದು. ಭಾರತದ ಹವಾಮಾನ ಇಲಾಖೆ ಸ್ಥಾಪಿತವಾದುದು 1875ರಲ್ಲಿ. ನಮ್ಮ ಮಳೆಯ ಕ್ರಮಬದ್ಧ ಲೆಕ್ಕವು ಹೆಚ್ಚುಕಡಮೆ ಒಂದೂವರೆ ಶತಮಾನದ್ದು. ಕಟ್ಟೆ ಕಾಲುವೆಗಳನ್ನು ಯೋಜಿಸುವಾಗ ನಾವು ನೆಚ್ಚುವುದು ಇಷ್ಟನ್ನೇ. ಆದರೆ ಶತಮಾನಗಟ್ಟಲೆ ಮುಂಗಾರು ಸೊರಗಿದ್ದ ಕಾಲವೂ ಈ ನಾಡಿನಲ್ಲಿ ಬಂದುಹೋಗಿದೆಯೆಂಬುದನ್ನು ಯಾವ ಮಳೆಮಾಪಕವೂ ಹೇಳಲಾರದು. ಹೂಳಿನಲ್ಲಿ ಹುದುಗಿದ ಹರಳು ಹೇಳುತ್ತದೆ. ಮುಂದಿನ ಸಲ ಸುಣ್ಣದ ತಿಳಿನೀರಿನ ಪ್ರಯೋಗವನ್ನು ಮಾಡುವಾಗ ವಿದ್ಯಾರ್ಥಿಗಳು ಮೂರು ಹೆಜ್ಜೆಗಳನ್ನೂ ಪೂರೈಸಿ ನೋಡಲಿ. ಲೋಣಾರಿನ ತಳದಲ್ಲಿ ಸಾವಿರಾರು ವರ್ಷ ನಡೆದುಬಂದ ಕಾರ್ಯದ ಆರಂಭವು ಆ ಪುಟ್ಟ ಗಾಜಿನ ನಳಿಗೆಯಲ್ಲಿಯೇ ಕಾಣಿಸುತ್ತದೆ.