ಅಗ್ಗದ ಬಾಟಲಿಗೊಂದು ನ್ಯಾಯ

ಐರ್ಲೆಂಡ್ ಗಣರಾಜ್ಯದ ಯಾವ ಅಂಗಡಿಯಲ್ಲೂ ಈಗ 700 ಮಿಲಿಲೀಟರ್ ವಿಸ್ಕಿ ಬಾಟಲಿ 22 ಯೂರೋಗಿಂತ ಕಡಿಮೆಗೆ ಸಿಗುವುದಿಲ್ಲ. ಮಾರುವವನಿಗೆ ಇನ್ನೂ ಇಳಿಸುವ ಮನಸ್ಸಿದ್ದರೂ ಕಾನೂನು ಬಿಡುವುದಿಲ್ಲ. 2022ರ ಜನವರಿಯಲ್ಲಿ ಇಲ್ಲಿನ ಸರ್ಕಾರ ಮದ್ಯಕ್ಕೆ ಕನಿಷ್ಠ ಬೆಲೆ ಗೊತ್ತುಮಾಡಿತು. ಬಾಟಲಿಯೊಳಗಿನ ಮದ್ಯಸಾರಕ್ಕೆ ಗ್ರಾಂಗೆ 10 ಸೆಂಟ್. ಶೇ 40ರ ವಿಸ್ಕಿ ಬಾಟಲಿಯಲ್ಲಿ ಸುಮಾರು 221 ಗ್ರಾಂ ಮದ್ಯಸಾರ ಇರುತ್ತದೆ. ಲೆಕ್ಕ 22 ಯೂರೋ ಚಿಲ್ಲರೆಗೆ ಬಂದು ನಿಲ್ಲುತ್ತದೆ. ಡಬ್ಲಿನ್‌ನಲ್ಲಿ ಸಂಸಾರ ಹೂಡಿ, ತಿಂಗಳ ಖರ್ಚಿನಲ್ಲಿ ಒಂದು ಬಾಟಲಿಗಷ್ಟೇ ಜಾಗ ಇಟ್ಟುಕೊಂಡವನು ನಾನು. ಈ ಬೆಲೆಯ ಆಸುಪಾಸಿನ ಬಾಟಲಿಗಳನ್ನೇ ಮೂಸಿ, ಕುಡಿದು, ಬರೆದಿಟ್ಟುಕೊಂಡು ಬಂದಿದ್ದೇನೆ.

ಬೆಲೆಯನ್ನು ಬಿಡಿಸಿ ನೋಡುವುದನ್ನು ಮೊದಲು ಕಲಿತೆ. ಒಂದು ಲೀಟರ್ ಶುದ್ಧ ಮದ್ಯಸಾರಕ್ಕೆ ಇಲ್ಲಿ 42.57 ಯೂರೋ ಅಬಕಾರಿ ಸುಂಕ. ಬಾಟಲಿಯ ಪಾಲಿಗೆ ಅದು 12 ಯೂರೋ ಹತ್ತಿರ ಬರುತ್ತದೆ. ಜೊತೆಗೆ ಶೇ 23ರ ವ್ಯಾಟ್, ಇನ್ನೊಂದು 4 ಯೂರೋ. ಉಳಿದದ್ದು 6. ಗಾಜು, ಮುಚ್ಚಳ, ಲೇಬಲ್, ಲಾರಿ ಬಾಡಿಗೆ, ಅಂಗಡಿಯ ಲಾಭ ಎಲ್ಲವೂ ಆ ಆರರಲ್ಲೇ ಕಳೆಯಬೇಕು, ಮಿಕ್ಕಿದ್ದು ವಿಸ್ಕಿಗೆ. ಇದೇ ರೀತಿ 30 ಯೂರೋ ಬಾಟಲಿಯನ್ನು ಬಿಡಿಸಿದರೆ ತೆರಿಗೆ ಕಳೆದು 12 ಯೂರೋ ಚಿಲ್ಲರೆ ಉಳಿಯುತ್ತದೆ. ಕೊಳ್ಳುವವನು ಕೊಟ್ಟದ್ದು 8 ಯೂರೋ ಹೆಚ್ಚು, ಆದರೆ ತಯಾರಿಕೆಗೂ ಮಾರಾಟಕ್ಕೂ ಸಿಗುವ ಹಣ ಹೆಚ್ಚುಕಡಿಮೆ ಇಮ್ಮಡಿ. ಈ ಲೆಕ್ಕ ತಿಳಿದ ಮೇಲೆ ಅಗ್ಗದ ವಿಸ್ಕಿಯನ್ನು ದುಬಾರಿ ವಿಸ್ಕಿಯ ಪಕ್ಕಕ್ಕಿಟ್ಟು ತೂಗುವುದನ್ನು ಬಿಟ್ಟೆ. ಕೈಗೆ ಸಿಕ್ಕ ಅಷ್ಟು ಹಣದಲ್ಲಿ ಬ್ಲೆಂಡ್ ಮಾಡಿದವರು ಎಲ್ಲಿ ಕೈ ಬಿಗಿಹಿಡಿದರು, ಎಲ್ಲಿ ಬಿಚ್ಚಿದರು? ಗ್ಲಾಸಿನಲ್ಲಿ ಹುಡುಕಬೇಕಾದದ್ದು ಇದನ್ನೇ.

ಕಾನೂನು ಒಂದು ಕೆಳಮಿತಿಯನ್ನಂತೂ ಕಾಯುತ್ತದೆ. ಐರಿಷ್ ವಿಸ್ಕಿ ಎನಿಸಿಕೊಳ್ಳಬೇಕಾದರೆ ಅದು ಐರ್ಲೆಂಡ್ ದ್ವೀಪದಲ್ಲೇ ಧಾನ್ಯದಿಂದ ಭಟ್ಟಿ ಇಳಿದಿರಬೇಕು, 700 ಲೀಟರ್ ಮೀರದ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇದ್ದಿರಬೇಕು, ಶಕ್ತಿ ಶೇ 40ಕ್ಕಿಂತ ಕೆಳಗಿಳಿಯಬಾರದು. ನಮ್ಮ ಕಡೆ ಅಗ್ಗದ ವಿಸ್ಕಿಯೆಂದರೆ ಬಹುಮಟ್ಟಿಗೆ ಕಾಕಂಬಿಯ ಸ್ಪಿರಿಟ್. ಹುಬ್ಬಳ್ಳಿಯಲ್ಲಿ ಓದುವಾಗ ಮೂಗಿಗೆ ಹತ್ತಿದ್ದ ಆ ಸುಟ್ಟ ಸಕ್ಕರೆಯ ಘಾಟನ್ನು ಇಲ್ಲಿನ ಗ್ಲಾಸಿನಲ್ಲಿ ಹುಡುಕಿ ಫಲವಿಲ್ಲ. ಇಲ್ಲಿನ ಅತಿ ಅಗ್ಗದ ಬಾಟಲಿಯೂ ಕಾಳಿನದೇ. ಆದರೆ ಯಾವ ಕಾಳು, ಯಾವ ಭಟ್ಟಿ ಎಂಬಲ್ಲಿ ವ್ಯತ್ಯಾಸ ಶುರುವಾಗುತ್ತದೆ.

ಐರಿಷ್ ಬ್ಲೆಂಡ್‌ನ ಬಹುಪಾಲು ಸಾಮಾನ್ಯವಾಗಿ ಗ್ರೇನ್ ವಿಸ್ಕಿ. ಅದು ಹೆಚ್ಚಾಗಿ ಮೆಕ್ಕೆಜೋಳದ್ದು, ಎತ್ತರದ ಕಂಬದಂಥ ಭಟ್ಟಿಯಲ್ಲಿ ಎಡೆಬಿಡದೆ ಇಳಿಯುವಂಥದ್ದು. ಈ ಭಟ್ಟಿಯನ್ನು ಬಳಕೆಗೆ ಬರುವಂತೆ ತಿದ್ದಿ 1830ರಲ್ಲಿ ಪೇಟೆಂಟ್ ಪಡೆದವನು ಈನಿಯಸ್ ಕಾಫಿ, ಐರ್ಲೆಂಡಿನ ಅಬಕಾರಿ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವನು. ಡಬ್ಲಿನ್‌ನ ದೊಡ್ಡ ಭಟ್ಟಿಯವರು ಅವನ ಯಂತ್ರವನ್ನು ಒಪ್ಪಲಿಲ್ಲ. ಪವರ್, ಜೇಮ್ಸನ್, ರೋ ಮನೆತನಗಳ ಕಂಪನಿಗಳವರು ಸೇರಿ 1870ರ ದಶಕದ ಕೊನೆಗೆ ಪುಸ್ತಕವನ್ನೇ ಅಚ್ಚು ಹಾಕಿಸಿ, ಆ ಯಂತ್ರದಿಂದ ಇಳಿದದ್ದನ್ನು ವಿಸ್ಕಿ ಎನ್ನಬಾರದು ಎಂದು ವಾದಿಸಿದರು. ಅವರ ಪ್ರಾಣವಿದ್ದದ್ದು ತಾಮ್ರದ ಹಂಡೆಯಲ್ಲಿ, ಅಂದರೆ ಪಾಟ್ ಸ್ಟಿಲ್‌ನಲ್ಲಿ. ಮೊಳಕೆ ಬರಿಸಿದ ಬಾರ್ಲಿಯ ಜೊತೆ ಮೊಳಕೆ ಬರಿಸದ ಹಸಿ ಬಾರ್ಲಿಯನ್ನೂ ಬೆರೆಸಿ ಬಿಸಿನೀರಿನಲ್ಲಿ ನೆನೆಸಿ ಹುದುಗಿಸಿ, ವಾಡಿಕೆಯಂತೆ ಮೂರು ಸಲ ಭಟ್ಟಿ ಇಳಿಸುವುದು ಐರಿಷ್ ಪಾಟ್ ಸ್ಟಿಲ್ ಪದ್ಧತಿ. ಇಂದು ಅದೇ ಪವರ್ ಹೆಸರಿನ ಅಗ್ಗದ ಬಾಟಲಿಯಲ್ಲಿ ಎರಡೂ ಬೆರೆತಿವೆ. ಹಾಗೆ ಬೆರೆತದ್ದರಿಂದಲೇ ಅದು ನನ್ನಂಥವನ ಕೈಗೆಟುಕುವ ಬೆಲೆಗೆ ಬಂದಿದೆ.

ಡಬ್ಲಿನ್‌ನ ಥಾಮಸ್ ಸ್ಟ್ರೀಟ್‌ನಲ್ಲಿ ಪವರ್ ಮನೆತನದ ಜಾನ್ಸ್ ಲೇನ್ ಭಟ್ಟಿ ಇತ್ತು. 1970ರ ದಶಕದಲ್ಲಿ ಮುಚ್ಚಿದ ಆ ಜಾಗದಲ್ಲಿ ಈಗ ರಾಷ್ಟ್ರೀಯ ಕಲೆ ಮತ್ತು ವಿನ್ಯಾಸ ಕಾಲೇಜು ನಡೆಯುತ್ತಿದೆ. ಹಳೆಯ ತಾಮ್ರದ ಹಂಡೆಗಳು ಮೂರು ಇನ್ನೂ ಬಯಲಲ್ಲೇ ನಿಂತಿವೆ, ಹಸಿರು ಕಿಲುಬು ಹಿಡಿದು. ಹೋಗಿ ನೋಡಿದಾಗ ಅವುಗಳ ಗಾತ್ರಕ್ಕೆ ದಂಗಾದೆ. ಇಷ್ಟು ದೊಡ್ಡ ಹಂಡೆಯನ್ನು ತುಂಬಿಸಿ, ಕಾಯಿಸಿ, ಖಾಲಿ ಮಾಡಿ, ತೊಳೆದು, ಮತ್ತೆ ತುಂಬಿಸುವ ದುಡಿಮೆ ಕಣ್ಣಿಗೆ ಕಟ್ಟಿದರೆ, ಪಾಟ್ ಸ್ಟಿಲ್ ಏಕೆ ದುಬಾರಿ, ತೆರಿಗೆ ಕಳೆದು ಆರೇ ಯೂರೋ ಉಳಿಯುವ ಬಾಟಲಿಯಲ್ಲಿ ಅದರ ಪಾಲು ಏಕೆ ತೆಳ್ಳಗೆ ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ. ಭಟ್ಟಿಯ ಕೆಲಸವೆಲ್ಲ 1975ರಿಂದ ಕಾರ್ಕ್ ಜಿಲ್ಲೆಯ ಮಿಡಲ್ಟನ್‌ನ ಹೊಸ ಕಾರ್ಖಾನೆಗೆ ಹೋಯಿತು. ಜೇಮ್ಸನ್, ಪವರ್ಸ್, ಪ್ಯಾಡಿ ಒಂದೇ ಸೂರಿನಡಿ ಇಳಿಯತೊಡಗಿದವು. ಬ್ಲೆಂಡ್ ಮಾಡುವವರ ಕೈ ಹೇಗೆ ಕೆಲಸ ಮಾಡುತ್ತದೆಂದು ಕಲಿಯಲು ಈ ಮೂರಕ್ಕಿಂತ ಒಳ್ಳೆಯ ಬಾಟಲಿಗಳಿಲ್ಲ.

ಪಾಟ್ ಸ್ಟಿಲ್ ಇದೆಯೋ ಇಲ್ಲವೋ ಎಂದು ಪತ್ತೆ ಹಚ್ಚಲು ನನಗೆ ನೆರವಾದದ್ದು ನಮ್ಮ ಮನೆಯ ಅಗಸಿ ಹಿಂಡಿ. ಇಂಗ್ಲಿಷ್ ಪುಸ್ತಕಗಳು ಐರಿಷ್ ಪಾಟ್ ಸ್ಟಿಲ್‌ನ ವಾಸನೆಗೆ ಅಗಸೆ ಎಣ್ಣೆಯ ಹೆಸರು ಹೇಳುತ್ತವೆ. ಅವರ ಮನಸ್ಸಿನಲ್ಲಿರುವುದು ಕ್ರಿಕೆಟ್ ಬ್ಯಾಟಿಗೆ ಸವರುವ ಎಣ್ಣೆ. ನನಗೆ ಅಗಸಿಯೆಂದರೆ ಅವ್ವ ಬಾಣಲೆಯಲ್ಲಿ ಚಟಪಟ ಹುರಿದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಸೇರಿಸಿ ಕುಟ್ಟಿದ ಹಿಂಡಿ, ರೊಟ್ಟಿಯ ಮೇಲೆ ಮೊಸರಿನೊಂದಿಗೆ. ಪವರ್ಸ್ ಗೋಲ್ಡ್ ಲೇಬಲ್ ಗ್ಲಾಸಿಗೆ ಬಗ್ಗಿಸಿ ಸ್ವಲ್ಪ ಹೊತ್ತು ಬಿಟ್ಟು ಮೂಸಿದಾಗ ಆ ಹುರಿದ ಎಣ್ಣೆಕಾಳಿನ ವಾಸನೆ ತಣ್ಣಗೆ ಎದ್ದು ಬಂತು. ಹಿಂದೆಯೇ ಒಣಶುಂಠಿ, ಲವಂಗ. ಅಂದಿನಿಂದ ಪುಸ್ತಕದ ಮಾತುಗಳನ್ನು ಪಕ್ಕಕ್ಕಿಟ್ಟು ನನ್ನ ಅಡುಗೆಮನೆಯ ಮಾತುಗಳಲ್ಲೇ ಬರೆದುಕೊಳ್ಳುತ್ತೇನೆ. ಬರ್ಬನ್ ಪೀಪಾಯಿಯಿಂದ ಬರುವುದು ಕೊಬ್ಬರಿ, ವೆನಿಲಾ. ಎಳೆಯ ಗ್ರೇನ್ ವಿಸ್ಕಿ ಉಗುರುಬಣ್ಣ ತೆಗೆಯುವ ದ್ರಾವಣದಂತೆ ಮೂಗು ಚುಚ್ಚುತ್ತದೆ. ಪೀಪಾಯಿ ಹಲವು ಸಲ ತುಂಬಿ ಬರಿದಾಗಿ ಸೋತಿದ್ದರೆ ನೆನೆದ ರಟ್ಟಿನ ಸಪ್ಪೆ ವಾಸನೆ. ಬಾಯಲ್ಲಿ ಒಮ್ಮೆಲೇ ಸಿಹಿ, ಆಮೇಲೆ ಏನೂ ಇಲ್ಲದೆ ಬರೀ ಉರಿ ಉಳಿದರೆ ಅಲ್ಲಿ ಕಾಳಿನ ರುಚಿ ತೆಳುವಾಗಿದೆಯೆಂದೇ ಅರ್ಥ ಮಾಡಿಕೊಳ್ಳುತ್ತೇನೆ.

ಬಣ್ಣವನ್ನು ನಂಬುವುದಿಲ್ಲ. ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನಿನ ಅನುಮತಿ ಇದೆ, ಅಗ್ಗದ ಬಾಟಲಿಯ ಬಂಗಾರದ ಹೊಳಪು ಪೀಪಾಯಿಯ ವಯಸ್ಸನ್ನು ಹೇಳಲಾರದು. ಊಟಕ್ಕೆ ಮುಂಚೆ, ಒಗ್ಗರಣೆಯ ಹೊಗೆ ಇಲ್ಲದ ಹೊತ್ತಿನಲ್ಲಿ, ಬಾಯಿ ಕಿರಿದಾದ ಸಣ್ಣ ಗ್ಲಾಸುಗಳಿಗೆ ಪಬ್ಬಿನ 35.5 ಮಿಲಿಲೀಟರ್ ಅಳತೆಯ ಅರ್ಧದಷ್ಟನ್ನೇ ಬಗ್ಗಿಸಬೇಕು. ಬಗ್ಗಿಸುವುದು ನಾನಲ್ಲ, ನನ್ನ ಹೆಂಡತಿ. ಯಾವ ಗ್ಲಾಸಿನಲ್ಲಿ ಯಾವುದೆಂದು ಆಕೆಗಷ್ಟೇ ಗೊತ್ತು. ಒಂದನ್ನೇ ಕುಡಿದರೆ ಯಾವುದೂ ಚೆನ್ನಾಗಿಯೇ ಕಾಣುತ್ತದೆ. ಎರಡೋ ಮೂರೋ ಪಕ್ಕಪಕ್ಕ ಇಟ್ಟಾಗ ಮಾತ್ರ ಒಂದರ ಕೊರತೆ ಇನ್ನೊಂದರಲ್ಲಿ ಬಯಲಾಗುತ್ತದೆ. ಮೊದಲ ಕಾಲು ಗಂಟೆ ಸುಮ್ಮನೆ ಬಿಡಬೇಕು, ಘಾಟು ಹಾರಬೇಕು. ಆಮೇಲೆ ತುಟಿ ತುಸು ತೆರೆದು ಮೂಸುವುದು, ಒಂದು ಗುಟುಕು, ಮತ್ತೆ ಅಷ್ಟೇ ಪ್ರಮಾಣದ ತಣ್ಣೀರು. ಅರ್ಧಕ್ಕರ್ಧ ನೀರು ಸೇರಿದರೆ ಶಕ್ತಿ ಶೇ 20ಕ್ಕೆ ಇಳಿಯುತ್ತದೆ; ವೃತ್ತಿಯವರು ಮೂಸುವುದೂ ಹೆಚ್ಚಾಗಿ ಆ ಮಟ್ಟದಲ್ಲೇ. ಮದ್ಯಸಾರದ ಪರದೆ ಸರಿದ ಮೇಲೆ ಒಳ್ಳೆಯ ಬ್ಲೆಂಡ್ ಇನ್ನೂ ಮಾತಾಡುತ್ತದೆ, ಕಳಪೆಯದು ನೀರಾಗಿಬಿಡುತ್ತದೆ. ಖಾಲಿ ಗ್ಲಾಸನ್ನು ತೊಳೆಯದೆ ಬಿಟ್ಟು ಬೆಳಿಗ್ಗೆ ಮೂಸುವುದನ್ನೂ ರೂಢಿ ಮಾಡಿಕೊಂಡಿದ್ದೇನೆ. ಮರದ ವಾಸನೆ ಉಳಿದಿದೆಯೋ, ಬರೀ ಹುಳಿಯೋ ಎಂಬುದು ಆಗ ಸ್ಪಷ್ಟ.

ನೀರಿಗಿಂತ ಕಠಿಣ ಪರೀಕ್ಷೆಯೊಂದನ್ನು ಕಲಿಸಿದವರು ಪಕ್ಕದ ಮನೆಯ ಹಿರಿಯರು. ನೆಗಡಿ ಹಿಡಿದ ಒಂದು ಚಳಿಗಾಲ ಅವರು ಹಾಟ್ ವಿಸ್ಕಿ ಮಾಡಿ ತಂದರು: ಕುದಿನೀರು, ಸಕ್ಕರೆ, ಲವಂಗ ಚುಚ್ಚಿದ ನಿಂಬೆಹೋಳು, ವಿಸ್ಕಿ. “ಇದಕ್ಕೆ ದುಬಾರಿ ಬಾಟಲಿ ಬೇಡ, ಆದರೆ ಕೆಟ್ಟ ಬಾಟಲಿಯೂ ಬೇಡ. ಬಿಸಿಯ ಮುಂದೆ ಯಾವುದೂ ಬಚ್ಚಿಟ್ಟುಕೊಳ್ಳಲಾರದು, ನೀವೇ ಮೂಸಿ ನೋಡಿ” ಎಂದರು. ನಿಜವೇ. ಹಬೆಯ ಜೊತೆ ಎಳೆಯ ಸ್ಪಿರಿಟ್‌ನ ಚುಚ್ಚು ಮೊದಲು ಏರುತ್ತದೆ, ನಿಂಬೆಯೂ ಲವಂಗವೂ ಅದನ್ನು ಮುಚ್ಚಲಾರವು. ಈ ಪರೀಕ್ಷೆಯಲ್ಲಿ ನನ್ನ ಮೆಚ್ಚಿನದು ಪ್ಯಾಡಿ. ಕಾರ್ಕ್ ಡಿಸ್ಟಿಲರೀಸ್ ಕಂಪನಿಯ ಮಾರಾಟಗಾರ ಪ್ಯಾಡಿ ಫ್ಲಾಹರ್ಟಿ ಊರೂರಿನ ಪಬ್ಬುಗಳಲ್ಲಿ ಎಷ್ಟು ಬೇಕಾದವನಾಗಿದ್ದನೆಂದರೆ ಕಂಪನಿ ತನ್ನ ವಿಸ್ಕಿಗೇ ಅವನ ಹೆಸರಿಟ್ಟಿತು. ತಣ್ಣಗಿದ್ದಾಗ ಅದು ನನ್ನ ನಾಲಿಗೆಗೆ ತೀರಾ ಹಗುರ. ಅಗಸೆಯ ಸುಳಿವು ಹುಡುಕಬೇಕು. ಬಿಸಿಯಲ್ಲಿ ಮಾತ್ರ ಜೇನಿನಂಥ ಮೆದು ಸಿಹಿಯೊಂದು ಎದ್ದು ನಿಲ್ಲುತ್ತದೆ.

ಊರಿಂದ ಬಂದ ಗೆಳೆಯರು ಬಾಟಲಿ ತಿರುಗಿಸಿ ಕೇಳುವ ಮೊದಲ ಪ್ರಶ್ನೆ ವರ್ಷದ್ದು.

“ಎಷ್ಟ ವರ್ಷದ್ದೋ ದೋಸ್ತ ಇದು? ಮ್ಯಾಲೆ ಏನೂ ಬರದಿಲ್ಲಲ್ಲ.”

“ಮೂರರ ಮ್ಯಾಲೆ ಇರ್ತದ. ಬರೀಬೇಕಂದ್ರ ಒಳಗಿದ್ದ ಎಲ್ಲಾದಕ್ಕೂ ಸಣ್ಣದರ ವಯಸ್ಸು ಬರೀಬೇಕು, ಅದಕ್ಕ ಬಿಟ್ಟಾರ.”

“ಮತ್ತ ನಮ್ಮ ಬೆಂಗಳೂರಿನ ಅಮೃತ್?”

ಪ್ರಶ್ನೆ ಸರಿಯಾದದ್ದೇ. 2004ರಲ್ಲಿ ಗ್ಲಾಸ್ಗೋದಲ್ಲಿ ತನ್ನ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿದ ಅಮೃತ್‌ನ ಪೀಪಾಯಿಗಳಿಂದ ಬೆಂಗಳೂರಿನ ಸೆಖೆಗೆ ವರ್ಷಕ್ಕೆ ಶೇ 10ರ ಮೇಲೆ ಆವಿಯಾಗಿ ಹೋಗುತ್ತದೆ. ಇಲ್ಲಿನ ತಂಪಿನಲ್ಲಿ ಶೇ 2ರ ಆಸುಪಾಸು. ಮರವೂ ಸ್ಪಿರಿಟ್ಟೂ ಅಲ್ಲಿ ಬೇಗ ಬೆರೆಯುತ್ತವೆ. ಹಾಗಾಗಿ ಅಲ್ಲಿನ ನಾಲ್ಕು ವರ್ಷವನ್ನು ಇಲ್ಲಿನ ನಾಲ್ಕಕ್ಕೆ ಸಮ ಹಿಡಿಯುವುದು ಅನ್ಯಾಯ. ಇಲ್ಲಿ ಮೂರು ವರ್ಷವೆಂದರೆ ನಿಜವಾಗಿಯೂ ಎಳೆಯದು. ಆ ಎಳೆತನದ ಚುಚ್ಚನ್ನು ಸಂಭಾಳಿಸುವುದರಲ್ಲೇ ಬ್ಲೆಂಡ್ ಮಾಡುವವರ ಕಸುಬು ಇರುವುದು.

ಪವರ್ಸ್ ನನಗೆ ಇಷ್ಟವಾಗುವುದು ಅದಕ್ಕೇ. ಶೇ 40ಕ್ಕೆ ನೀರು ಹಾಕಿ ನಿಲ್ಲಿಸುವ ಬದಲು 43.2ಕ್ಕೆ ನಿಲ್ಲಿಸಿದ್ದಾರೆ. ಆ ಹೆಚ್ಚಿನ ಮದ್ಯಸಾರಕ್ಕೆ ಸುಂಕವೂ ಹೆಚ್ಚು, ಕನಿಷ್ಠ ಬೆಲೆಯೂ ಹೆಚ್ಚು. ಆದರೂ ಕೊಟ್ಟಿದ್ದಾರೆ, ಮತ್ತು ಎಣ್ಣೆಯ ಜಿಡ್ಡು ನಾಲಿಗೆಯ ಮೇಲೆ ಉಳಿಯುವಷ್ಟು ಪಾಟ್ ಸ್ಟಿಲ್ಲನ್ನೂ ಬಿಟ್ಟಿದ್ದಾರೆ. ಜೇಮ್ಸನ್ ಇದಕ್ಕಿಂತ ನಯ, ಶೆರಿ ಪೀಪಾಯಿಯ ಒಣದ್ರಾಕ್ಷಿ ತುಸು ಇದೆ, ಮುಗಿಯುವುದೂ ಬೇಗ. ಸೋಡಾದ ಜೊತೆ ಅದಕ್ಕೇ ಮೊದಲ ಮಣೆ.

ಸೂಪರ್ ಮಾರ್ಕೆಟ್‌ಗಳು ತಮ್ಮದೇ ಹೆಸರು ಹಚ್ಚಿ ಕನಿಷ್ಠ ಬೆಲೆಗೆ ಮಾರುವ ಬಾಟಲಿಗಳ ಕತೆ ಬೇರೆ. ಅವು ಸ್ವಂತ ಭಟ್ಟಿ ಇಟ್ಟುಕೊಂಡಿಲ್ಲ, ಬೇರೆಯವರಿಂದ ಕೊಂಡು ತುಂಬಿಸುತ್ತವೆ. ಲೇಬಲ್ ಹಾಗೇ ಇದ್ದು ಒಳಗಿನ ವಿಸ್ಕಿ ಕೊಡುವವರು ಬದಲಾಗಬಹುದು. ಒಂದು ವರ್ಷ ಹಸಿರು ಸೇಬು, ಬಾರ್ಲಿಯ ಗಂಜಿಯ ವಾಸನೆಯಿಂದ ಖುಷಿ ಕೊಟ್ಟ ಬಾಟಲಿಯೊಂದು ಮುಂದಿನ ವರ್ಷ ಬರೀ ವೆನಿಲಾ ಮತ್ತು ಉರಿಯಾಗಿತ್ತು. ಇಂಥವುಗಳ ಟಿಪ್ಪಣಿಯಲ್ಲಿ ಕೊಂಡ ತಿಂಗಳನ್ನೂ ಬಾಟಲಿಯ ಮೇಲೆ ಅಚ್ಚಾದ ಲಾಟ್ ಸಂಖ್ಯೆಯನ್ನೂ ಬರೆಯುತ್ತೇನೆ. ಯಾರಾದರೂ ಸಲಹೆ ಕೇಳಿದರೆ, ಹೊಸ ಲಾಟಿನ ಬಾಟಲಿ ತೆರೆದು ನೋಡಿದ ಮೇಲಷ್ಟೇ ಹೇಳುತ್ತೇನೆ.