ಟ್ಯಾಬ್‌ನಲ್ಲಿ ಅಂತರ್ಜಾಲ ಸಂಪರ್ಕ ತಪ್ಪಿದಾಗ ದೋಷವನ್ನು ಗುರುತಿಸುವ ಕ್ರಮ

(ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ಅವಗಾಹನೆಗಾಗಿ)

ಟ್ಯಾಬ್‌ನಲ್ಲಿ ನೆಟ್ ನಿಂತೊಡನೆ ಆ್ಯಪ್ ಅಳಿಸಿ ಮತ್ತೆ ಹಾಕಿಕೊಳ್ಳುವವರಿದ್ದಾರೆ. ಇದರಿಂದ ಸಂಪರ್ಕ ಮರಳುವುದು ವಿರಳ. ಆಗುವ ಹಾನಿ ಮಾತ್ರ ದೊಡ್ಡದು. ಮಹಾತ್ಮ ಗಾಂಧಿ ಉದ್ಯೋಗ ಖಾತರಿಯಡಿ, ವೈಯಕ್ತಿಕ ಫಲಾನುಭವಿ ಕಾಮಗಾರಿಗಳ ಹೊರತು ಉಳಿದೆಲ್ಲ ಕಾಮಗಾರಿಗಳಲ್ಲಿ ಎನ್‌ಎಂಎಂಎಸ್ ಆ್ಯಪ್ ಮೂಲಕ ಹಾಜರಾತಿ ದಾಖಲಿಸುವುದು 2023ರ ಜನವರಿ 1ರಿಂದ ಕಡ್ಡಾಯವಾಯಿತು. ದಿನಕ್ಕೆ ಎರಡು ಬಾರಿ ಕೂಲಿಕಾರರ ಚಿತ್ರ ತೆಗೆಯಬೇಕು. ಭೀಮಾ ತೀರದ ಹೊಲಗಳಲ್ಲಾಗಲಿ, ಕೃಷ್ಣಾ ಕಡೆಯ ಹಳ್ಳದ ದಂಡೆಯಲ್ಲಾಗಲಿ ನೆಟ್‌ವರ್ಕ್ ದೊರೆಯದಿದ್ದರೆ ಆ ಚಿತ್ರಗಳು ಟ್ಯಾಬ್‌ನಲ್ಲಿಯೇ ಉಳಿದು, ಸಂಪರ್ಕ ಬಂದ ನಂತರ ರವಾನೆಯಾಗುತ್ತವೆ. ಅಷ್ಟರೊಳಗೆ ಆ್ಯಪ್ ಅಳಿಸಿದರೆ, ‘ಕ್ಲಿಯರ್ ಡೇಟಾ’ ಒತ್ತಿದರೆ ಅಥವಾ ಟ್ಯಾಬ್ ರೀಸೆಟ್ ಮಾಡಿದರೆ ಅವು ಅಳಿಸಿಹೋಗುತ್ತವೆ. ದಿನವಿಡೀ ಮಣ್ಣು ಹೊತ್ತವರ ಕೂಲಿಗೆ ಆಧಾರವಾದ ದಾಖಲೆಯೇ ಇಲ್ಲವಾಗುತ್ತದೆ. ಆದ್ದರಿಂದ ರವಾನೆಯಾಗದ ಹಾಜರಾತಿ ಇರುವವರೆಗೆ ಆ್ಯಪ್ ಅನ್ನು ಮುಟ್ಟತಕ್ಕದ್ದಲ್ಲ.

ಕಾಮಗಾರಿ ಸ್ಥಳದಲ್ಲಿ ಮೊದಲು ಪರಿಶೀಲಿಸಬೇಕಾದವು ಸಣ್ಣ ಸಂಗತಿಗಳು: ಏರೋಪ್ಲೇನ್ ಮೋಡ್ ಚಾಲನೆಯಲ್ಲಿದೆಯೇ, ಮೊಬೈಲ್ ಡೇಟಾ ಬಂದ್ ಆಗಿದೆಯೇ, ಸಿಮ್‌ನ ರೀಚಾರ್ಜ್ ಅವಧಿ ಮುಗಿದಿದೆಯೇ. ದಿನಾಂಕ ಮತ್ತು ಸಮಯವನ್ನೂ ನೋಡಬೇಕು. ಬ್ಯಾಟರಿ ಪೂರ್ಣ ಬರಿದಾದ ಟ್ಯಾಬ್ ಕೆಲವೊಮ್ಮೆ ಹಳೆಯ ದಿನಾಂಕ ತೋರಿಸುತ್ತದೆ. ಸರ್ಕಾರಿ ಜಾಲತಾಣಗಳ ಭದ್ರತಾ ಪ್ರಮಾಣಪತ್ರವು ದಿನಾಂಕಕ್ಕೆ ತಾಳೆಯಾಗದಿದ್ದರೆ ಸಿಗ್ನಲ್ ಇದ್ದರೂ ಪುಟ ತೆರೆಯುವುದಿಲ್ಲ. ಸಿಗ್ನಲ್ಲೇ ಇಲ್ಲದ ಸ್ಥಳವಾದರೆ ಟ್ಯಾಬನ್ನು ಎತ್ತರದ ದಿಣ್ಣೆಗೆ ಒಯ್ಯುವುದು, ಇಲ್ಲವೇ ಬೇರೆ ಕಂಪನಿಯ ಸಿಮ್ ಇರುವ ಮೊಬೈಲ್‌ನ ಹಾಟ್‌ಸ್ಪಾಟ್ ಬಳಸುವುದು ಸೂಕ್ತ.

ಪಂಚಾಯತಿ ಕಚೇರಿಯ ಸ್ಥಿತಿ ಬೇರೆ. ಭಾರತ್‌ನೆಟ್ ಸಂಪರ್ಕವಿರುವಲ್ಲಿ ಅಂತರ್ಜಾಲವು ಗಾಜಿನ ಎಳೆಯ ಮೂಲಕ ಕಚೇರಿಯ ಪೆಟ್ಟಿಗೆಗೆ ಬಂದು, ಅಲ್ಲಿಂದ ವೈಫೈ ಆಗಿ ಟ್ಯಾಬ್‌ಗೆ ತಲುಪುತ್ತದೆ. ಟ್ಯಾಬ್‌ನ ಮೇಲ್ತುದಿಯ ವೈಫೈ ಗುರುತು ಕೊನೆಯ ಹತ್ತು ಮಾರಿನ ಸಂಪರ್ಕವನ್ನಷ್ಟೇ ಸೂಚಿಸುತ್ತದೆ. ಪೆಟ್ಟಿಗೆಯಾಚೆ ತಂತಿ ತುಂಡಾಗಿದ್ದರೂ ಅದು ಹಾಗೆಯೇ ಇರುತ್ತದೆ. ಅದೇ ವೈಫೈಗೆ ಮತ್ತೊಂದು ಮೊಬೈಲ್ ಜೋಡಿಸಿ ನೋಡಬೇಕು. ಅದರಲ್ಲಿ ನೆಟ್ ಬಂದರೆ ದೋಷ ಟ್ಯಾಬ್‌ನದು. ವೈಫೈ ಹೆಸರಿನಡಿ ‘ಫರ್ಗೆಟ್’ ಒತ್ತಿ ಪಾಸ್‌ವರ್ಡ್ ಹೊಸದಾಗಿ ನಮೂದಿಸಬೇಕು. ಎರಡರಲ್ಲಿಯೂ ಬಾರದಿದ್ದರೆ ಪೆಟ್ಟಿಗೆಯ ದೀಪಗಳನ್ನು ಗಮನಿಸಬೇಕು. ಯಾವ ದೀಪವೂ ಇಲ್ಲದಿದ್ದರೆ ವಿದ್ಯುತ್ ಇಲ್ಲ, ಇಲ್ಲವೇ ಯುಪಿಎಸ್ ಬ್ಯಾಟರಿ ಸತ್ತಿದೆ. ‘ಎಲ್‌ಒಎಸ್’ ಎಂಬಲ್ಲಿ ಕೆಂಪು ದೀಪ ಮಿನುಗುತ್ತಿದ್ದರೆ ಬೆಳಕಿನ ಸಂಕೇತ ಪೆಟ್ಟಿಗೆಗೆ ಬರುತ್ತಿಲ್ಲ. ಬಹುಮಟ್ಟಿಗೆ ಕೇಬಲ್ ತುಂಡಾಗಿರುತ್ತದೆ. ಆಗ ಪೆಟ್ಟಿಗೆಯನ್ನು ಎಷ್ಟು ಬಾರಿ ಬಂದ್ ಮಾಡಿ ತೆರೆದರೂ ಪ್ರಯೋಜನವಿಲ್ಲ. ತುಂಡಾದ ಎಳೆಯನ್ನು ವಿದ್ಯುತ್ ತಂತಿಯಂತೆ ಹೊಸೆದು ಟೇಪ್ ಸುತ್ತುವುದೂ ವ್ಯರ್ಥ. ಗಾಜಿನ ಎಳೆಗಳನ್ನು ಯಂತ್ರದಿಂದ ಕರಗಿಸಿಯೇ ಬೆಸೆಯಬೇಕಾಗುತ್ತದೆ.

ಸದಸ್ಯರ ಪಾತ್ರ ಮುಖ್ಯವಾಗುವುದು ಇಲ್ಲಿಯೇ. ಚರಂಡಿಗೆ, ಕುಡಿಯುವ ನೀರಿನ ಪೈಪಿಗೆ ಜೆಸಿಬಿ ಅಗೆಯುವಾಗ ಕೇಬಲ್ ಕಡಿದುಹೋಗುವುದುಂಟು. ಯಾವ ವಾರ್ಡಿನಲ್ಲಿ ಎಂದು ಅಗೆತವಾಯಿತು ಎಂಬುದು ಆ ವಾರ್ಡಿನ ಸದಸ್ಯರಿಗೆ ತಿಳಿದಿರುತ್ತದೆ. ದೂರು ನೀಡುವಾಗ ಸಂಪರ್ಕ ತಪ್ಪಿದ ಸಮಯ, ದೀಪದ ಬಣ್ಣ, ಅಗೆದ ಜಾಗ ಈ ಮೂರನ್ನೂ ತಿಳಿಸಿದಲ್ಲಿ ದುರಸ್ತಿಯವರು ಊರಿಡೀ ಹುಡುಕುವುದು ತಪ್ಪುತ್ತದೆ. ಅಗೆತಕ್ಕೆ ಅನುಮತಿ ನೀಡುವ ಮುನ್ನವೇ ಕೇಬಲ್ ಹಾದಿಯನ್ನು ಗುತ್ತಿಗೆದಾರರಿಗೆ ತೋರಿಸುವಂತೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳಿಗೆ ಸಾಮಾನ್ಯ ಸಭೆಯಲ್ಲಿ ಸೂಚಿಸಬಹುದು.